ಕಾಟು ಹಾಕಿದ ನಾಲ್ಕು ಅಂಕ

ತಲಘಟ್ಟಪುರ
ಮೇ ೧೪, ಬುಧವಾರ

ಅಮ್ಮನಿಗೆ,

ಮೈತ್ರಿಯ ನಮಸ್ಕಾರ. ಪತ್ರಲೇಖನದಲ್ಲಿ ನಮಸ್ಕಾರ ಬಿಟ್ಟರೆ ಅರ್ಧ ಅಂಕ ಹೋಗುತ್ತದೆ, ಅದಕ್ಕೆ ಬರೆದೆ. ನಾನು ಇಲ್ಲಿ ಕ್ಷೇಮವಾಗಿಲ್ಲ. ನೀನು ಅಲ್ಲಿ ಕ್ಷೇಮವಾಗಿರು ಎಂದು ಬರೆಯಲು ಹೋದೆ, ಮನಸ್ಸು ಬರಲಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನನ್ನ ಫೋನು ಜನವರಿಯಿಂದ ನಿನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿದೆ. ಅಜ್ಜಿಯ ಫೋನಿನಲ್ಲಿ ಮಾತಾಡಿದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಮಾತು ಆಡಿರುತ್ತೀಯ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಾಳೆ ಅಪ್ಪ ಬಸ್ ಡಿಪೋದಿಂದ ಇಲ್ಲಿಗೆ ಬಂದು ಹೋಗುವಾಗ ಅವರ ಟಿಫನ್ ಬ್ಯಾಗಿನಲ್ಲಿ ಇದನ್ನು ಇಡುತ್ತೇನೆ. ದಯವಿಟ್ಟು ಕೆಂಪು ಪೆನ್ನು ದೂರ ಇಟ್ಟು ಓದು.

ಇನ್ನು ಹನ್ನೆರಡು ದಿನಕ್ಕೆ ಗಣಿತದ ಎರಡನೇ ಪರೀಕ್ಷೆ, ಮಾರ್ಚಿನಲ್ಲಿ ಫೇಲಾದವರಿಗೆ ಸಿಗುವ ಇನ್ನೊಂದು ಅವಕಾಶ. ನನ್ನನ್ನು ಒಂದು ಮಾತು ಕೇಳದೆ ನೀನು ನನ್ನ ಹೆಸರಿಗೆ ಫೀಸು ಕಟ್ಟಿ ಬಂದಿದ್ದೀಯ. ನಾನು ಅದಕ್ಕೆ ಕೂರುತ್ತೇನೋ ಇಲ್ಲವೋ ಎಂಬುದಷ್ಟೇ ನಿನಗೆ ಬೇಕಾದ ಉತ್ತರ ಎಂದು ಗೊತ್ತು. ಉತ್ತರ ಕೊನೆಯಲ್ಲಿದೆ. ಸೀದಾ ಕೊನೆಯ ಪುಟಕ್ಕೆ ಹಾರಬೇಡ. ಮೆಟ್ಟಿಲು ಹಾರಿದವರಿಗೆ ಅಂಕ ಇಲ್ಲ ಎಂದು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮುಂದೆ ನಿಂತು ಹೇಳುತ್ತಿರುವವಳು ನೀನೇ.

ಮೊದಲು ಭಾನುವಾರದ ವಿಷಯ. ನಾನು ಮನೆ ಬಿಟ್ಟು ಬಂದದ್ದು ಫೇಲಾದ ನಾಚಿಕೆಗೆ ಎಂದು ನೀನು ಅಪ್ಪನ ಹತ್ತಿರ ಹೇಳಿದೆಯಂತೆ. ಸುಳ್ಳು. ಫೇಲಾಗಿ ಆಗಲೇ ಒಂಬತ್ತು ದಿನ ಆಗಿತ್ತು, ಒಂಬತ್ತು ದಿನವೂ ನಿನ್ನ ಕಣ್ಣ ಮುಂದೆಯೇ ಇದ್ದೆ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿದವಳು ನೀನು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದವಳು ನೀನು. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕ ಹಾಕಿಕೊಂಡು, ಆಗಲೇ ತಿದ್ದಿ ಅಂಕ ಕೊಟ್ಟಿರುವ ಪತ್ರಿಕೆಯನ್ನು ಮತ್ತೆ ಕೆಂಪು ಪೆನ್ನಿನಲ್ಲಿ ತಿದ್ದಲು ಕೂತೆ. ಯಾವ ತಾಯಿ ಹಾಗೆ ಮಾಡುತ್ತಾಳೆ? ಅದೇ ಹೊತ್ತಿಗೆ ಕೆಳಗಿನ ಮನೆಯಿಂದ ಓನರ್ ಮುನಿಲಕ್ಷ್ಮಮ್ಮ ಮೊಮ್ಮಗ ಮನೋಜನ ಟ್ಯೂಷನ್ ಕೇಳಿಕೊಂಡು ಮೇಲೆ ಬಂದರು.

ಅವರು ಆಡಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಅಯ್ಯೋ ಬಿಡಿ ಮೇಡಮ್ಮೋರೆ, ಯಾಕ್ ತಲೆ ಕೆಡಿಸ್ಕೊತೀರಾ. ನಿಮ್ಮೋರಿಗೆ ಮಾರ್ಕ್ಸ್ ಕಮ್ಮಿ ಆದ್ರೂ ಎಲ್ಲಾದ್ರೂ ಸೀಟ್ ಸಿಕ್ಕೇ ಸಿಗತ್ತೆ. ನಮ್ ಮನೋಜಂದೇ ನಂಗೆ ಚಿಂತೆ" ಎಂದರು. ನನಗೆ ಮೈ ಉರಿದುಹೋಯಿತು. ನಿನ್ನ ಮುಖ ನೋಡಿದೆ. ಐವತ್ತು ಮಕ್ಕಳ ಕ್ಲಾಸನ್ನು ಹುಬ್ಬಿನಲ್ಲೇ ನಡುಗಿಸುವವಳು ನೀನು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ನೀನು ನಕ್ಕು, ಕಾಫಿ ಕೊಡಲಾ ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಕಾಫಿ ಕೊಟ್ಟು ಬಂದು ಕೂತು ನೀನು ಮುಂದಿನ ಹಾಳೆ ತಿರುಗಿಸಿದೆ. ಅದರಲ್ಲಿ ತ್ರಿಕೋನಮಿತಿಯ ನಾಲ್ಕು ಅಂಕದ ಪ್ರಶ್ನೆ ಇತ್ತು. ನಾನು ಆರು ಸಾಲಿನಲ್ಲಿ ಸಾಧಿಸಿ, ಆಮೇಲೆ ಸ್ಕೇಲು ಇಟ್ಟು ಕಾಟು ಹಾಕಿದ್ದೆ. ನೀನು ಆರೂ ಸಾಲು ಓದಿದೆ. ಸರಿ ಇದೆ ಎಂದು ನಿನಗೆ ತಕ್ಷಣ ಗೊತ್ತಾಯಿತು, ನಿನ್ನ ಪೆನ್ನು ನಿಂತದ್ದನ್ನು ನಾನೇ ಕಂಡೆ. ನನಗೆ ಎಂಬತ್ತಕ್ಕೆ ಬಂದದ್ದು ಇಪ್ಪತ್ತನಾಲ್ಕು. ಪಾಸಿಗೆ ಇಪ್ಪತ್ತೆಂಟು. ಆ ಕಾಟು ಇಲ್ಲದಿದ್ದರೆ ನಾನು ಪಾಸು. ಇದೆಲ್ಲ ನಿನಗೆ ಒಂದೇ ಗಳಿಗೆಯಲ್ಲಿ ಹೊಳೆದಿರಬೇಕು. ಆಗ ನೀನು ಏನು ಕೇಳಬಹುದಿತ್ತು? ಯಾಕೆ ಕಾಟು ಹಾಕಿದೆ ಮಗಳೇ ಎನ್ನಬಹುದಿತ್ತು. ಅಯ್ಯೋ ಪಾಪಿ, ಬರುತ್ತಿತ್ತಲ್ಲೇ ಎಂದು ತಲೆಗೆ ಮೊಟಕಬಹುದಿತ್ತು. ಅದನ್ನೆಲ್ಲ ಬಿಟ್ಟು, ಕಾಫಿ ಲೋಟ ಹಿಡಿದು ಕೂತಿದ್ದ ಮುನಿಲಕ್ಷ್ಮಮ್ಮನ ಎದುರಿಗೆ, "ಯಾರ್ದು ನೋಡಿ ಬರ್ದೆ?" ಎಂದೆ.

ನೀನು ಬಿಡಲಿಲ್ಲ. "ಹೇಳೇ, ಯಾರ್ದು ನೋಡಿ ಬರ್ದೆ? ನೋಡಿ ಬರ್ದು ಆಮೇಲೆ ಭಯ ಆಗಿ ಹೊಡೆದು ಹಾಕಿದ್ಯಾ?" ಎಂದೆ. ಮುನಿಲಕ್ಷ್ಮಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ, ಅಮ್ಮ. ಅದನ್ನು ನೀನು ನೋಡಿದೆಯೋ ಇಲ್ಲವೋ.

ಆಮೇಲಿನದು ನಿನಗೆ ಗೊತ್ತು. ಬ್ಯಾಗಿಗೆ ಎರಡು ಜೊತೆ ಬಟ್ಟೆ ತುರುಕಿಕೊಂಡು ಸುಬ್ರಹ್ಮಣ್ಯಪುರದಿಂದ ಕನಕಪುರ ರಸ್ತೆಯವರೆಗೆ ಆ ಬಿಸಿಲಲ್ಲಿ ನಡೆದೆ. ಹೆಂಗಸರಿಗೆ ಬಸ್ಸು ಫ್ರೀ ಆದದ್ದು ನನ್ನ ಪುಣ್ಯ. ಮೆಟ್ಟಿಲಿಳಿಯುವಾಗ ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಕೇಳಿಸಿತು. ಪಾಪ ಅನ್ನಿಸಲಿಲ್ಲ. ನೀರು ದಂಡ ಎನಿಸಿತು.

ಈಗ ಕಾಟಿನ ವಿಷಯ ಹೇಳುತ್ತೇನೆ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಎಂಟನೇ ಕ್ಲಾಸಿನಿಂದ ಮೂರು ವರ್ಷ ನಾನು ನಿನ್ನ ಶಾಲೆಯಲ್ಲೇ ಓದಿದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ನಿನ್ನನ್ನು ಮಿಸ್ ಎಂದು ಕರೆದೆ. ಗೇಟಿನೊಳಗೆ ಅಮ್ಮ ಎನ್ನಬಾರದು ಎಂಬುದು ನಿನ್ನ ಕಾನೂನು. ಒಂದು ಸಲ ಬಾಯಿ ತಪ್ಪಿ ಅಮ್ಮ ಎಂದುಬಿಟ್ಟೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನೀನು ನನ್ನನ್ನು ಹೊರಗೆ ನಿಲ್ಲಿಸಿದೆ. ಹೋಗಲಿ, ಗೇಟು ದಾಟಿ ಸ್ಕೂಟರಿನ ಹಿಂದೆ ಕೂತ ಮೇಲಾದರೂ ಅಮ್ಮ ಸಿಗುತ್ತಾಳೆ ಎಂದುಕೊಂಡರೆ ಅಲ್ಲೂ ಮಿಸ್ಸೇ. ಉತ್ತರಹಳ್ಳಿ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದ ಕೂಡಲೇ, ಟ್ಯಾನ್ ಅರವತ್ತು ಎಷ್ಟು ಹೇಳು ಎನ್ನುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ನಿಂತಿದ್ದ ಆಟೋದವರು ತಡೆಯಲಾರದೆ, "ರೂಟ್ ಮೂರು ಮೇಡಂ, ಪಾಪ ಬಿಟ್ಬಿಡಿ ಮಗೂನ" ಎಂದರು. ನೀನು ಅವರಿಗೂ ಒಂದು ನೋಟ ಕೊಟ್ಟೆ.

ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನಗೆ ಹತ್ತೊಂಬತ್ತು ಬಂತು. ಅವತ್ತು ನೀನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಊಟ ಬಡಿಸಿ, ನನ್ನ ತಟ್ಟೆಯ ಪಕ್ಕದಲ್ಲಿ ಹನ್ನೆರಡು ಹಾಳೆಯ ಜೆರಾಕ್ಸ್ ಕಟ್ಟು ಇಟ್ಟೆ. ಪಾಸಿಂಗ್ ಪ್ಯಾಕೇಜ್. ಫೇಲಾಗುವ ಮಕ್ಕಳನ್ನು ಹೇಗಾದರೂ ಮಾಡಿ ಇಪ್ಪತ್ತೆಂಟಕ್ಕೆ ತಂದು ನಿಲ್ಲಿಸಲು ನೀನೇ ಕೂತು ತಯಾರಿಸಿದ್ದು. "ನಿಂಗಿಷ್ಟು ಸಾಕು" ಎಂದೆ, ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ.

ಆ ದಿನದಿಂದ ನಾನು ಪ್ಯಾಕೇಜಿನವಳಾದೆ. ಸಂಜೆ ಲ್ಯಾಬಿನಲ್ಲಿ ಹದಿನಾಲ್ಕು ಜನ. ಪ್ಯಾಕೇಜಿನವರು ಎದ್ದು ನಿಲ್ಲಿ ಎಂದು ನೀನು ಕ್ಲಾಸಿನಲ್ಲಿ ಕರೆದಾಗ ಎಲ್ಲರೂ ನೋಡುತ್ತಿದ್ದದ್ದು ನನ್ನನ್ನೇ. ಗಣಿತದ ಮಿಸ್ಸಿನ ಮಗಳು! ಕನ್ನಡದಲ್ಲಿ ಶಾಲೆಗೇ ಮೊದಲು ಬರುವ ಹುಡುಗಿ ಹೇಗೆ ಕೊನೆಯ ಬೆಂಚಿನ ದೀಪಕ್ ಪಕ್ಕ ಕೂತಿದ್ದಾಳೆ ಎಂದು ಎಲ್ಲರಿಗೂ ತಮಾಷೆ. ದೀಪಕ್ ಮಾತ್ರ ಒಳ್ಳೆಯವನು. "ಟೆನ್ಷನ್ ಬೇಡ ಮಗಾ, ಇಲ್ಲಿ ಯಾರೂ ಡೌಟ್ ಕೇಳಲ್ಲ, ಸಖತ್ ಆರಾಮು" ಎಂದಿದ್ದ. ಅವನು ಪಾಸಾದ, ಗೊತ್ತಲ್ಲ? ನಲವತ್ತೊಂದು.

ನ್ಯಾಯವಾಗಿಯೇ ಹೇಳುತ್ತೇನೆ, ನಿನ್ನ ಪ್ಯಾಕೇಜು ಕೆಲಸ ಮಾಡುತ್ತದೆ. ಬರೆಯಲು ಬಿಟ್ಟ ಕೂಡಲೇ ಕೊನೆಯ ಪುಟಕ್ಕೆ ಹೋಗಿ, ಕಚ್ಚಾ ಕೆಲಸ ಎಂದು ತಲೆಬರಹ ಹಾಕಿ, ಸೊನ್ನೆ ಒಂದು ಎರಡು ಮೂರು ನಾಲ್ಕು ಬರೆದು, ಎಲ್ಲವನ್ನೂ ನಾಲ್ಕರಿಂದ ಭಾಗಿಸಿ, ವರ್ಗಮೂಲ ಹಾಕಿದರೆ ಸೈನ್ ಸಾಲು. ಅದನ್ನೇ ತಿರುಗಿಸಿ ಬರೆದರೆ ಕಾಸ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಟ್ಯಾನ್. ಬಾಯಿಪಾಠ ಬೇಕಿಲ್ಲ. ಬೆಲೆ ಕಂಡುಹಿಡಿ ಎಂದರೆ ಮೊದಲು ಸೂತ್ರ ಬರಿ, ಸೂತ್ರಕ್ಕೇ ಅಂಕ ಇದೆ. ಗೋಪುರ, ದೀಪದ ಕಂಬ ಎಂದು ಬಂದರೆ ಉತ್ತರ ಬರದಿದ್ದರೂ ಚಿತ್ರ ಬರಿ, ಉನ್ನತ ಕೋನವನ್ನು ಸರಿಯಾದ ಮೂಲೆಯಲ್ಲಿ ಗುರುತಿಸು. ರೂಟ್ ಮೂರನ್ನು ಕೊನೆಯವರೆಗೆ ರೂಟ್ ಮೂರಾಗಿಯೇ ಇಟ್ಟುಕೊ, ಮೊದಲೇ ದಶಾಂಶ ಮಾಡಿ ಕೈ ಸುಟ್ಟುಕೊಳ್ಳಬೇಡ. ತ್ರಿಕೋನಮಿತಿಯಲ್ಲಿ ನನಗೆ ಬಂದ ಆರು ಅಂಕ ನಿನ್ನ ಆ ಕೋಷ್ಟಕದ್ದೇ. ಸುಳ್ಳು ಹೇಳಲಾರೆ.

ಆದರೆ ಹನ್ನೆರಡನೇ ಹಾಳೆಯ ಕೊನೆಯ ಸಾಲು? ಅದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಸಾಧಿಸಿ ಎಂದು ಬಂದರೆ ಮುಟ್ಟಬೇಡಿ, ಮುಂದಿನ ಪ್ರಶ್ನೆಗೆ ಹೋಗಿ. ನಾನು ಒಂದು ದಿನ ಮನೆಯಲ್ಲಿ, ಮಿಸ್ಸನ್ನಲ್ಲ, ಅಮ್ಮನನ್ನು ಕೇಳಿದೆ: ಯಾಕೆ ಮುಟ್ಟಬಾರದು? ನೀನು ತಿದ್ದುತ್ತಿದ್ದ ಪೇಪರಿನಿಂದ ತಲೆ ಎತ್ತದೆ, "ಅದು ಬರೋರಿಗೆ" ಎಂದೆ.

ಬರುವವರಿಗೂ ನೀನು ಒಂದೇ ದಾರಿ ಹೇಳಿಕೊಡುತ್ತಿದ್ದದ್ದು ಎಂದು ಆಮೇಲೆ ಗೊತ್ತಾಯಿತು. ಏನೇ ಕೊಟ್ಟಿರಲಿ, ಎಲ್ಲವನ್ನೂ ಸೈನ್, ಕಾಸ್‌ಗೆ ಇಳಿಸು. ಒಂದೊಂದು ಮೆಟ್ಟಿಲೂ ಕಾಣಬೇಕು. ನಾಲ್ಕು ಅಂಕದ್ದಕ್ಕೆ ಒಂದು ಪುಟ ತುಂಬದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿ. ಪಕ್ಕದ ಸೆಕ್ಷನ್ನಿನ ಅರ್ಪಿತ ಚುಟುಕಾಗಿ ಮಾಡಿ ತೋರಿಸಿದಾಗ, ಉತ್ತರ ಸರಿ ಇದ್ದರೂ ಒಂದು ಅಂಕ ಕತ್ತರಿಸಿದ್ದೆ. ಅವಳು ಅತ್ತುಕೊಂಡು ಹೋದಳು. ನಿನಗೆ ಚುಟುಕು ಎಂದರೆ ಯಾಕಷ್ಟು ಕೋಪ ಎಂದು ನನಗೆ ಆಗ ಅರ್ಥವಾಗಿರಲಿಲ್ಲ.

ಆ ಆರು ಸಾಲನ್ನು ನಾನು ಯಾರದ್ದೂ ನೋಡಿ ಬರೆದಿಲ್ಲ ಎಂದು ಆಣೆ ಮಾಡುತ್ತೇನೆ ಎಂದುಕೊಂಡಿದ್ದೀಯಾ? ಮಾಡುವುದಿಲ್ಲ. ಪರೀಕ್ಷಾ ಹಾಲಿನಲ್ಲಿ ನಾನು ತಲೆ ಎತ್ತಲಿಲ್ಲ, ಅದು ನಿಜ. ಆದರೆ ನನಗೆ ಅದನ್ನು ಕಲಿಸಿದವಳು ಒಬ್ಬಳಿದ್ದಾಳೆ. ಹುಡುಗಿ, ನನ್ನದೇ ವಯಸ್ಸು. ನಿನ್ನ ಕ್ಲಾಸಿನವಳಲ್ಲ. ಫೆಬ್ರವರಿಯಿಂದ ಶನಿವಾರ ಮಧ್ಯಾಹ್ನ ಪ್ರಬಂಧ ಸ್ಪರ್ಧೆಯ ಅಭ್ಯಾಸ ಎಂದು ಸುಳ್ಳು ಹೇಳಿ ನಾನು ಬರುತ್ತಿದ್ದದ್ದು ಇಲ್ಲಿಗೆ, ಅಜ್ಜಿಯ ಮನೆಗೆ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಅವಳೊಂದಿಗೆ ಕೂರುತ್ತಿದ್ದೆ. ಎದುರಿಗೆ ಮೆಟ್ರೊ ಹೋಗುತ್ತಿರುತ್ತದೆ, ಕೆಳಗೆ ಅಜ್ಜಿ ಟಿವಿ ಹಾಕಿಕೊಂಡು ಮಲಗಿರುತ್ತದೆ. ಸುಳ್ಳು ಹೇಳಿದ್ದು ತಪ್ಪು. ಕ್ಷಮೆ ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಅಷ್ಟೆ.

ಆ ಹುಡುಗಿ ಯಾರಿಗೂ ಹೆದರುತ್ತಿರಲಿಲ್ಲ. ನೀನು ಎಲ್ಲವನ್ನೂ ಇಳಿಸು ಎನ್ನುತ್ತೀಯ, ಅವಳು ಏರಿಸುತ್ತಿದ್ದಳು. ಮೇಲೆ ಕೆಳಗೆ ಸೈನ್, ಕಾಸ್, ಒಂದು ಇದ್ದರೆ ಎರಡನ್ನೂ ಕಾಸ್‌ನಿಂದ ಭಾಗಿಸಿ ಟ್ಯಾನ್, ಸೆಕ್ ಮಾಡಿಬಿಡುತ್ತಿದ್ದಳು. ಆಮೇಲೆ ಮೇಲಿನ ಸಾಲಿನಲ್ಲಿ ಉಳಿದ ಆ ಬಡಪಾಯಿ ಒಂದು ಇದೆಯಲ್ಲ, ಅದನ್ನು ಅಳಿಸಿ, ಅದರ ಜಾಗದಲ್ಲಿ ಸೆಕ್ ಸ್ಕ್ವೇರ್ ಮೈನಸ್ ಟ್ಯಾನ್ ಸ್ಕ್ವೇರ್ ಬರೆಯುತ್ತಿದ್ದಳು. ಎರಡೂ ಒಂದೇ ತಾನೆ? ಅದು ಎರಡು ಆವರಣವಾಗಿ ಒಡೆಯುತ್ತದೆ, ಒಂದು ಆವರಣ ಕೆಳಗಿನದರ ಜೊತೆ ಹೊಡೆದುಹೋಗುತ್ತದೆ, ಉತ್ತರ ಕೈಗೆ ಬಂದು ಬೀಳುತ್ತದೆ. ಮೊದಲ ಸಲ ಅದು ನನಗೆ ಅರ್ಥವಾದಾಗ ಅಮ್ಮ, ನಾನು ಮಹಡಿಯ ಮೇಲೆ ಒಬ್ಬಳೇ ನಕ್ಕೆ. ಗಣಿತದಲ್ಲಿ ನಗು ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಓಡಿ ಬಂದು ನಿನಗೆ ತೋರಿಸಬೇಕು ಎನಿಸಿತು. ತೋರಿಸಿದರೆ ಹನ್ನೆರಡನೇ ಹಾಳೆ ತೋರಿಸುತ್ತೀಯ ಎಂದು ಸುಮ್ಮನಾದೆ.

ಪರೀಕ್ಷೆಯಲ್ಲಿ ಅದೇ ಬಂತು. ಅದೇ ಲೆಕ್ಕ, ಒಂದು ಅಕ್ಷರವೂ ಬದಲಿಲ್ಲ. ಉಳಿದದ್ದು ಇಪ್ಪತ್ತೈದು ನಿಮಿಷ. ಮುಟ್ಟಬೇಡಿ ಎಂದದ್ದನ್ನು ಮುಟ್ಟಿದೆ. ಆರು ಸಾಲು, ಐದು ನಿಮಿಷ. ಎಡಭಾಗ ಬಲಭಾಗ ಸಮ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಆಮೇಲೆ ನೀನು ಬಂದೆ. ಹಾಲಿಗಲ್ಲ, ನನ್ನ ತಲೆಗೆ. ನಾಲ್ಕು ಅಂಕದ್ದು ಇಷ್ಟು ಸಲೀಸಾಗಿ ಬಂತೇ? ನಿನಗೆ? ಪುಟ ತುಂಬಿಲ್ಲವಲ್ಲ. ಅದು ಬರುವವರಿಗೆ. ನೀನು ಪ್ಯಾಕೇಜಿನವಳು. ನಿನಗಿಷ್ಟು ಸಾಕು. ನಾನು ಆರೂ ಸಾಲನ್ನು ಇನ್ನೊಮ್ಮೆ ನೋಡಿದೆ, ತಪ್ಪು ಸಿಗಲಿಲ್ಲ. ತಪ್ಪು ಸಿಗದೇ ಇದ್ದದ್ದಕ್ಕೇ ಭಯವಾಯಿತು. ನನಗೆ ಕಾಣದ ತಪ್ಪು ಇರಲೇಬೇಕು ಎನಿಸಿತು. ಸ್ಕೇಲು ತೆಗೆದುಕೊಂಡು, ನೀನು ಕಲಿಸಿದ ಹಾಗೆ ಚೊಕ್ಕಟವಾಗಿ, ಮೂಲೆಯಿಂದ ಮೂಲೆಗೆ ಕಾಟು ಹಾಕಿದೆ. ಕೆಳಗೆ ನಿನ್ನ ದಾರಿಯಲ್ಲಿ ಶುರು ಮಾಡಿದೆ. ಅಲ್ಲಿ ಎಲ್ಲ ಆಗಲೇ ಸೈನ್, ಕಾಸ್‌ನಲ್ಲೇ ಇತ್ತು, ಇಳಿಸಲು ಏನೂ ಉಳಿದಿರಲಿಲ್ಲ. ಅದರಿಂದ ಗುಣಿಸಿ ಇದರಿಂದ ಗುಣಿಸಿ, ಎರಡನೇ ಸಾಲಿನಲ್ಲೇ ಚಿಹ್ನೆ ತಪ್ಪಿ, ಅರ್ಧ ಪುಟ ಗೀಚುವಷ್ಟರಲ್ಲಿ ಗಂಟೆ ಹೊಡೆಯಿತು. ಅದಕ್ಕೆ ಸೊನ್ನೆ. ಕಾಟು ಹಾಕಿದ್ದನ್ನು ತಿದ್ದುವವರು ನೋಡುವುದಿಲ್ಲ, ಅದು ಅವರ ತಪ್ಪಲ್ಲ.

ಸ್ಕೇಲು ಹಿಡಿದದ್ದು ನನ್ನ ಕೈ. ಒಪ್ಪುತ್ತೇನೆ. ಆದರೆ ಆ ಕೈಯನ್ನು ಜನವರಿಯಿಂದ ಹಿಡಿದು ಅಭ್ಯಾಸ ಮಾಡಿಸಿದವಳು ನೀನು. ಊರಿನ ಮಕ್ಕಳಿಗೆಲ್ಲ ಧೈರ್ಯ ಹೇಳುತ್ತೀಯ. ಸುಧಾಮಣಿ ಮೇಡಂ ಹತ್ತಿರ ಹಾಕಿದರೆ ಕಲ್ಲಿಗೂ ಲೆಕ್ಕ ಬರುತ್ತದೆ ಎಂದು ಅಂಜನಾಪುರದಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಹೆತ್ತ ಮಗಳಿಗೆ ಲೆಕ್ಕ ಬಂದರೆ ಮಾತ್ರ ಅದು ಕದ್ದದ್ದೇ ಆಗಿರಬೇಕು, ಅಲ್ಲವೇ? ಆ ಮುನಿಲಕ್ಷ್ಮಮ್ಮ ನಮ್ಮ ಬಗ್ಗೆ ಏನು ಅಂದುಕೊಂಡಿದ್ದಾರೋ ಅದನ್ನೇ ನೀನು ನಿನ್ನ ಬಾಯಿಂದ, ನಿನ್ನ ಮಗಳ ಮೇಲೆ ಹೇಳಿದೆ. ಅವರಿಗೆ ಒಂದು ಮಾತು ತಿರುಗಿ ಹೇಳಲಾರದೆ ನನ್ನ ಕಡೆ ತಿರುಗಿದೆ. ನಾಲ್ಕು ಅಂಕ ಹೋದದ್ದಕ್ಕೆ ನಾನು ಇಷ್ಟು ಅತ್ತಿಲ್ಲ.

ಈಗ ನಿನ್ನ ಉತ್ತರ.

ಪರೀಕ್ಷೆಗೆ ಕೂರುತ್ತೇನೆ. ಭಾನುವಾರ ಬಸ್ಸಿನಲ್ಲಿ ಕೂತಾಗ ಸತ್ತರೂ ಕೂರುವುದಿಲ್ಲ ಎಂದುಕೊಂಡಿದ್ದೆ. ನಿನ್ನೆ ಅಜ್ಜಿಯ ಹತ್ತಿರ ಒಂದು ವಿಷಯ ಕೇಳಿದ ಮೇಲೆ ಮನಸ್ಸು ಬದಲಾಯಿಸಿದೆ. ನಿನಗೋಸ್ಕರ ಅಲ್ಲ, ಶಾಲೆಯ ಶೇಕಡಾವಾರಿಗೋಸ್ಕರವೂ ಅಲ್ಲ. ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ಹಾಲ್ ಟಿಕೆಟ್ಟನ್ನು ಅಪ್ಪನ ಕೈಯಲ್ಲಿ ಕಳಿಸು. ನೀನು ಗೇಟಿನ ಹತ್ತಿರ ಬಂದು ನಿಲ್ಲಬೇಡ. ಹನ್ನೆರಡನೇ ಹಾಳೆಯ ಕೊನೆಯ ಸಾಲನ್ನು ಮುಂದಿನ ವರ್ಷದ ಮಕ್ಕಳಿಗೆ ಕೊಡುವ ಮುಂಚೆ ತೆಗೆದುಹಾಕು. ಮುನಿಲಕ್ಷ್ಮಮ್ಮ ಇನ್ನೊಮ್ಮೆ ಹಾಗೆ ಮಾತಾಡಿದರೆ ಉತ್ತರ ಕೊಡು. ನಿನಗೆ ಬಾಯಿ ಬರದಿದ್ದರೆ ನಾನು ಕೊಡುತ್ತೇನೆ, ಬಾಡಿಗೆ ಮನೆ ಹೋದರೆ ಹೋಗಲಿ. ನನ್ನ ಫೋನು ನಿನ್ನ ಹತ್ತಿರವೇ ಇರಲಿ, ಈಗ ಬೇಕಿಲ್ಲ.

ಅಪ್ಪನಿಗೆ ಇದನ್ನು ಓದಲು ಕೊಡಬೇಡ. ಅವರು ಅತ್ತುಬಿಡುತ್ತಾರೆ.

ಇಂತಿ,
ನಿನ್ನ ಪ್ಯಾಕೇಜಿನ ಹದಿನಾಲ್ಕನೆಯವಳು,
ಮೈತ್ರಿ

ತಾ.ಕ.: ಆ ಹುಡುಗಿಯ ಹೆಸರು ಹೇಳುವುದು ಬೇಡ ಎಂದುಕೊಂಡಿದ್ದೆ. ಅಜ್ಜಿ ಬಿಡುತ್ತಿಲ್ಲ, ಹೇಳಲೇಬೇಕಂತೆ.

ಅಟ್ಟದ ಮೇಲಿನ ಟ್ರಂಕಿನಲ್ಲಿ, ಗಾರೆ ಕೆಲಸದ ಗಂಗಯ್ಯ ತಾತನ ರಸಮಟ್ಟ, ತೂಗುಗುಂಡಿನ ಅಡಿಯಲ್ಲಿ ಒಂದು ನೋಟ್‌ಬುಕ್ ಇತ್ತು. ಕಂದು ಕಾಗದದ ರಟ್ಟು. ಮೇಲೆ ಜಿ. ಸುಧಾಮಣಿ, ಹತ್ತನೇ ತರಗತಿ, ಬಿ ವಿಭಾಗ ಎಂದು ಬರೆದಿದೆ. ಶನಿವಾರಗಳೆಲ್ಲ ನಾನು ಕೂತದ್ದು ಅದರ ಜೊತೆ. ಆ ಆರು ಸಾಲು ಇರುವ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಮೇಷ್ಟ್ರು ಅದರ ಮೇಲೆ ಕೆಂಪು ಇಂಕಿನಲ್ಲಿ ಮೂಲೆಯಿಂದ ಮೂಲೆಗೆ ಕಾಟು ಹಾಕಿ ಕೆಳಗೆ ಬರೆದದ್ದು ನಿನಗೆ ನೆನಪಿರಬಹುದು. "ಯಾರದು ನೋಡಿ ಬರೆದೆ? ನಾಳೆ ಅಪ್ಪನನ್ನು ಕರೆದುಕೊಂಡು ಬಾ."

ಫೆಬ್ರವರಿಯಲ್ಲಿ ಅದನ್ನು ಓದಿ ನಾನು ನಕ್ಕಿದ್ದೆ, ಅಮ್ಮ. ಓಹೋ, ಮಿಸ್ಸೂ ಕಾಪಿ ಹೊಡೆದವರೇ ಎಂದುಕೊಂಡೆ. ನಿನ್ನನ್ನು ನಂಬಲಿಲ್ಲ, ಆ ಮೇಷ್ಟ್ರನ್ನು ನಂಬಿದೆ. ಹಾಲಿನಲ್ಲಿ ಸ್ಕೇಲು ತೆಗೆದಾಗ ಆ ಕೆಂಪು ಕಾಟೂ ಕಣ್ಣ ಮುಂದೆ ಇತ್ತು. ಅದನ್ನು ಮೇಲೆ ಬರೆಯದೆ ಮುಚ್ಚಿಟ್ಟೆ, ನಾಚಿಕೆಗೆ.

ನಿನ್ನೆ ಪುಟ ತೋರಿಸಿ ಕೇಳಿದಾಗ ಅಜ್ಜಿ ಹೇಳಿತು: "ನಿಮ್ ತಾತ ಕೆಲ್ಸ ಬಿಟ್ಟು ಸಿಮೆಂಟ್ ಕಾಲಲ್ಲೇ ಓಡೋದ್ರು. ಕ್ಲಾಸ್ ಬಾಗ್ಲಾಚೆ ನಿಂತು, ಮಗು ತಪ್ ಮಾಡೈತೆ, ಇನ್ಮೇಲೆ ಮಾಡಲ್ಲ ಸ್ವಾಮಿ ಅಂತ ಕೈ ಮುಗುದ್ರು. ಅದು ತಾನೇ ಮಾಡಿದ್ ಲೆಕ್ಕ ಅಂತ ಅವ್ರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಅವತ್ತಿಂದ ನಿಮ್ಮಮ್ಮ ಒಂದ್ ಲೆಕ್ಕಕ್ಕೆ ಎರಡ್ ಪುಟ ಬರ್ಯಾಕ್ ಶುರು ಮಾಡುದ್ಲು. ಯಾರೂ ಕೇಳ್ಬಾರ್ದು ಅಂತ."

ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇತ್ತು. ನಿನ್ನದು ನೋಡಿ ಬರೆದೆ.

ನಿನ್ನ ಪುಟದ ಕಾಟಿನ ಪಕ್ಕದಲ್ಲಿ ನಾನು ಹಸಿರು ಪೆನ್ನಿನಲ್ಲಿ ನಾಲ್ಕಕ್ಕೆ ನಾಲ್ಕು ಹಾಕಿದ್ದೇನೆ. ನನ್ನ ಹಾಳೆ ನಿನ್ನ ಹತ್ತಿರ ಇದೆ. ಅದಕ್ಕೆ ನೀನು ಹಾಕು.